ಕಟ್ಟೆಗೆ ಹಚ್ಚಿದ ಕೆಂಪು

೧೯೬೮ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೆಯ ಇಯತ್ತೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವ್ವ ತೀರಿಕೊಂಡಿದ್ದಳು, ಅಪ್ಪನಿಗೆ ರೈಲ್ವೆಯ ಡ್ಯೂಟಿ, ತಮ್ಮ ನಾಲ್ಕು ವರ್ಷದವನು. ಮನೆಯಲ್ಲಿ ಯಾರಾದರೊಬ್ಬರು ಇರಬೇಕಿತ್ತು. ಇದ್ದೆ.

ಆ ತಮ್ಮ ಎಂಬತ್ತೇಳರಲ್ಲಿ ಸ್ನಾತಕೋತ್ತರ ಓದಿಗೆ ಸೇರಿದ: ವಾಸ್ತುಶಿಲ್ಪದ ಇತಿಹಾಸ, ನಗರ ಯೋಜನೆ. ಊರು ಕಟ್ಟುವ ವಿದ್ಯೆಯಂತೆ. ಅಷ್ಟರಲ್ಲಿ ನಾನು ಮೂಟೆ ಹೊತ್ತು, ಟೆಂಪೊ ಹಾಕಿ, ಅಪ್ಪನ ನೌಕರಿಗೆಂದು ನಾವು ಬಂದು ನೆಲೆಸಿದ ಈ ಮರಾಠಿ ಊರಿನ ಪ್ರತಾಪ ನಗರದಲ್ಲಿ ಮನೆಯನ್ನೇ ಕಟ್ಟಿ ಮುಗಿಸಿದ್ದೆ.

ಮನೆಯ ಮುಂದೊಂದು ಕಟ್ಟೆ. ನಮ್ಮ ಧಾರವಾಡದ ಕಡೆ ಕಟ್ಟೆಯಿಲ್ಲದ್ದು ಮನೆಯೇ ಅಲ್ಲ. ಶಹಾಬಾದಿ ಕಲ್ಲು ತರಿಸಿ ನಾನೇ ಹಾಸಿದ್ದೆ. ಗೋಡೆಯಿಂದಾಚೆ ರಸ್ತೆಗೆ ಎರಡು ಮೊಳ ಬಂದಿತ್ತು, ನಿಜ. ಆದರೆ ನಮ್ಮವರ ಲೆಕ್ಕದಲ್ಲಿ ಕಟ್ಟೆ ಬಿಟ್ಟು ಉಳಿದದ್ದಕ್ಕೇ ಬೀದಿ ಎನ್ನುವುದು. ನಿವೃತ್ತನಾದ ಅಪ್ಪ ಸಂಜೆ ಅಲ್ಲಿ ಕೂತರೆ ರೈಲ್ವೆಯ ಕನ್ನಡದ ಮುದುಕರೆಲ್ಲ ಬಂದು ಸೇರುತ್ತಿದ್ದರು. ಮರಾಠಿ, ಹಿಂದಿಯ ನಡುವೆ ದಿನವಿಡೀ ಸುಮ್ಮನಿರುವ ಅಪ್ಪ ಬಾಯಿ ಬಿಡುತ್ತಿದ್ದದ್ದು ಅಲ್ಲಿ ಮಾತ್ರ.

ತಮ್ಮನ ಪ್ರಬಂಧವೂ ಕಟ್ಟೆಯ ಮೇಲೆಯೇ: ಹಳೆಯ ಊರುಗಳಲ್ಲಿ ಕಟ್ಟೆಯಿಂದ ಬೀದಿ ಹೇಗೆ ಬದುಕಿತ್ತು ಅಂತ. ಒಂದು ಭಾನುವಾರ ಟೇಪು ಹಿಡಿದು ನಮ್ಮ ಕಟ್ಟೆಯನ್ನೂ ಅಳೆದ. ನಕ್ಷೆಯಲ್ಲಿ ಮನೆಗೆ ಕಪ್ಪು ಗೆರೆ, ಕಟ್ಟೆಗೆ ಕೆಂಪು ಬಣ್ಣ.

“ಕೆಂಪು ಯಾಕೋ?”

“ರಸ್ತೆದಾಗ ಐತೆಲ್ಲ ಅಣ್ಣಾ. ಅತಿಕ್ರಮಣಕ್ಕ ಕೆಂಪು ಹಚ್ಚತಾರ.”

“ಏನು, ನಾ ಕಳ್ಳೇನು? ಅಳಸು ಅದನ್ನ.”

“ಅಳಸಿದ್ರ ಸುಳ್ಳು ನಕ್ಷೆ ಆಗತೈತಿ. ಇದು ಕಾಲೇಜಿನ ಕೆಲಸ, ಯಾರೂ ಬರಂಗಿಲ್ಲ. ನಿನಗ ತಿಳಿಯಂಗಿಲ್ಲ, ಬಿಡು.”

“ಬರೋಬರ್. ಮೂಟಿ ಹೊತ್ತಾವಗ ಏನ್ ತಿಳೀತೈತಿ! ಬ್ಯಾರೆ ಯಾರದರ ಮನಿ ಬರಿ, ನಡಿ.”

ಅಪ್ಪ ನಡುವೆ ಬಂದ. “ಬರೀಲಿ ಬಿಡಪಾ. ನಕ್ಷೆದಾಗ ಕಟ್ಟಿ ಮ್ಯಾಲ ನನ್ನೂ ಕೂಡಿಸ್ಯಾನ ನೋಡು, ಟೊಪಿಗಿ ಸುದ್ದಾ ಹಾಕ್ಯಾನ.”

ನಕ್ಷೆಗಳನ್ನು ಗೋಡೆಗೆ ತೂಗುಹಾಕಿ ಪರೀಕ್ಷೆ ಮಾಡುವ ದಿನ, ಅಪ್ಪನ ಒತ್ತಾಯಕ್ಕೆ, ಇಸ್ತ್ರಿ ಅಂಗಿ ಹಾಕಿಕೊಂಡು ನಾನೂ ಕಾಲೇಜಿಗೆ ಹೋದೆ. ಹೊರಗಿನಿಂದ ಬಂದ ಪರೀಕ್ಷಕ ಊರಿನ ಕಟ್ಟಡಗಳಿಗೆ ಮಂಜೂರಿ ಕೊಡುವ ಕಚೇರಿಯ ಅಧಿಕಾರಿ. ಕೆಂಪಿನ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದ, ಯಾರ ಮನೆ ಇದು?

ನಾನು ಮಾರು ದೂರದಲ್ಲಿ ನಿಂತಿದ್ದೆ. ತಮ್ಮ ನನ್ನನ್ನು ನೋಡಿದ; ನೋಡಿಯೇ ಇಲ್ಲವೆಂಬಂತೆ ತಿರುಗಿದ.

“ಏಕ್ ಟೆಂಪೋವಾಲೇ ಕಾ, ಸರ್.”

ಅಧಿಕಾರಿ ಪೆನ್ನು ತೆಗೆದು ಗಲ್ಲಿಯ ಗುರುತು ಬರೆದುಕೊಂಡ. ಯಾರೋ ಟೆಂಪೊದವನ ಮನೆ ತಾನೆ!

ಮನೆಗೆ ಬಂದು ಕೇಳಿದೆ. “ಅಣ್ಣನ ಮನಿ ಅಂದಿದ್ರ ನಾಲಿಗಿ ಬಿದ್ದು ಹೋಗತಿತ್ತೇನು?”

“ಸ್ವಂತ ಮನಿ ಅಂದ್ರ ಪಕ್ಷಪಾತ ಅಂತಾರ ಅಣ್ಣಾ. ಮಾರ್ಕ್ಸ್ ಹೋಗತಿದ್ವು.”

“ಇಪ್ಪತ್ತು ವರ್ಷ ಉಂಡ್ಯಲ್ಲ, ಆವಾಗ ಪಕ್ಷಪಾತ ಕಾಣಲಿಲ್ಲೇನು?”

ಮಳೆಗಾಲ ಮುಗಿದ ಮೇಲೆ ಹಾರೆ, ಗುದ್ದಲಿ ಹಿಡಿದ ಆ ಕಚೇರಿಯ ಆಳುಗಳು ಬಂದರು. ತಮ್ಮ ಹೊಸ್ತಿಲತನಕ ಓಡಿ ಬಂದ. “ತಡಿ ಅಣ್ಣಾ, ನಾ ಹೋಗಿ ಸಾಹೇಬ್ರನ್ನ ಕಾಣತೀನಿ.”

“ಏನಂತ ಹೇಳತೀ? ಟೆಂಪೋವಾಲಾನ ತಮ್ಮ ಅಂತೇನು?”

ಅವನು ಹೊಸ್ತಿಲು ದಾಟಲಿಲ್ಲ. ನಾನು ಆಳಿನ ಕೈಯಿಂದ ಹಾರೆ ಕಿತ್ತುಕೊಂಡು ಮೊದಲ ಕಲ್ಲನ್ನು ಎಬ್ಬಿಸಿದೆ. ನಾನು ಹಾಸಿದ್ದನ್ನು ಇನ್ನೊಬ್ಬ ಕೀಳುವುದು ಬೇಡವಾಗಿತ್ತು. ಅಪ್ಪ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮುದುಕರು ನಾಲ್ಕಾರು ಸಂಜೆ ಬಂದು ರಸ್ತೆಯಲ್ಲೇ ನಿಂತರು. “ಒಳಗ ಬರ್ರಿ” ಅಂದೆ. ಹೆಂಗಸರಿರುವ ಮನೆಯೊಳಗೆ ದಿನಾ ಬಂದು ಕೂರಲು ಯಾರಿಗೆ ಮನಸ್ಸಾದೀತು? ಬರುವುದನ್ನೇ ಬಿಟ್ಟರು. ತಮ್ಮನಿಗೆ ಫಸ್ಟ್ ಕ್ಲಾಸ್ ಬಂತು. ನಮ್ಮ ಕಟ್ಟೆಯನ್ನು ಹೊಗಳಿ ಬರೆದ ಅಧ್ಯಾಯವೇ ಎಲ್ಲರಿಗೂ ಮೆಚ್ಚುಗೆಯಾಯಿತಂತೆ. ಈಗ ಪುಣೆಯಲ್ಲಿ ನೌಕರಿ. ಅಪ್ಪನಿಗೆ ಕಾಗದ ಬರೆಯುತ್ತಾನೆ. ಅದರಲ್ಲಿ ನನ್ನನ್ನು ಕೇಳಿದ್ದರೂ ನಾನು ಕೇಳಿಸಿಕೊಳ್ಳುವುದಿಲ್ಲ.

ಈಗ ನನಗಿರುವುದು ಎರಡು ಟೆಂಪೊ, ನಾಲ್ಕು ಕೋಣೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅಪ್ಪ. ತಮ್ಮನನ್ನು ಲೆಕ್ಕಕ್ಕೆ ಹಿಡಿದಿಲ್ಲ.