ಬೆಲ್ಲದ ಪೆಂಟಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು

ಶಿರಗುಪ್ಪಿಯಲ್ಲಿ ನಮ್ಮ ಅಕ್ಕನ ಗಂಡನಿಗೆ ಬೆಲ್ಲದ ಗಾಣವಿದೆ; ಅವನನ್ನು ನಾನು ಮಾಮಾ ಎನ್ನುತ್ತೇನೆ. ಹೋದ ಹಂಗಾಮಿನಲ್ಲಿ ಮಾಮಾನ ಸೊಂಟ ಹಿಡಿದುಕೊಂಡಿತು. ಹತ್ತು ಕೆಜಿಯ ಪೆಂಟಿಗಳನ್ನು, ಅಂದರೆ ಬೆಲ್ಲದ ಅಚ್ಚುಗಳನ್ನು, ಎತ್ತಿ ಎತ್ತಿ ಒಂದರ ಮೇಲೊಂದು ಥಪ್ಪಿ ಒಟ್ಟುವುದು ಇನ್ನು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಕಲಿಸುವವನು. ಲ್ಯಾಬಿನವರು ಮೂಲೆಗೆ ಹಾಕಿದ್ದ ಹಳೆಯ ರೋಬೋಟ್ ತೋಳೊಂದನ್ನು ಕೇಳಿ ಪಡೆದೆ. ಅದಕ್ಕೆ ಗಾಳಿಯ ಒತ್ತಡದಿಂದ ನಡೆಯುವ ಎರಡು ಬೆರಳಿನ ಹಿಡಿಕೆಯನ್ನು ನಿಪ್ಪಾಣಿಯ ಲೇತ್ ಅಂಗಡಿಯವನಿಂದ ಮಾಡಿಸಿದೆ. ಬೆರಳುಗಳಿಗೆ ರಬ್ಬರ್ ಅಂಟಿಸಿದೆ.

ಮಾಮಾನ ಎದುರು ಕುಳಿತು ಲೆಕ್ಕ ಬರೆದೆ. ಪೆಂಟಿಯ ತೂಕ, ಅದನ್ನು ಎತ್ತುವ ವೇಗ, ಬೆಲ್ಲಕ್ಕೂ ರಬ್ಬರಿಗೂ ನಡುವಿನ ಘರ್ಷಣೆ. ಒಂದೊಂದು ಬೆರಳು ಹದಿನೈದು ಕೆಜಿಯಷ್ಟು ಒತ್ತಬೇಕು ಎಂದು ಬಂತು. ಅದನ್ನು ಎರಡು ಪಟ್ಟು ಮಾಡಿ ಮೂವತ್ತೆಂದು ಬರೆದೆ.

"ಎರಡ ಪಟ್ಟ ಯಾಕಪಾ?" ಎಂದ ಮಾಮಾ.

"ಲೆಕ್ಕದ ಮ್ಯಾಲ ಪೂರಾ ನಂಬಿಗಿ ಇಲ್ಲದಾಗ ಹಂಗ ಮಾಡ್ತಾರ್ರಿ."

"ಹಂಗಂದ್ರ ಮೊದಲ ಹೇಳಬಾರದ? ನಾ ಮೂರು ಪಟ್ಟ ಅಂತಿದ್ದೆ."

ಮರುದಿನ ಬೆಳಿಗ್ಗೆ ತೋಳು ಮೊದಲ ಪೆಂಟಿಯನ್ನು ಹಿಡಿಯಿತು. ಬೆಲ್ಲ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಬೆರಳುಗಳು ಎರಡೂ ಕಡೆ ಒಳಹೊಕ್ಕವು, ಪೆಂಟಿ ನಡುವೆ ಬಿರುಕು ಬಿಟ್ಟಿತು. ಒತ್ತಡ ಅರ್ಧಕ್ಕಿಳಿಸಿದೆ. ಎರಡನೆಯದು ಜಾರಿ ನನ್ನ ಕಾಲಿನ ಪಕ್ಕದಲ್ಲೇ ಬಿದ್ದು ನಾಲ್ಕು ಚೂರಾಯಿತು.

ಮಾಮಾ ಒಂದು ಚೂರನ್ನು ಬಾಯಿಗೆ ಹಾಕಿಕೊಂಡ. "ಮಾಸ್ತರ, ನಿನ್ನ ಮಷೀನಿಗಿ ಬೆಲ್ಲ ಹಿಡಿಯೂದು ಬರಂಗಿಲ್ಲ. ಒಡದು ಕೊಡೂದು ಚಲೋ ಬರತೈತಿ. ಅಂಗಡಿಗಿ ಇಟ್ಟರ ಹೆಂಗ?"

ನಾನು ಒತ್ತಡವನ್ನು ತಿದ್ದುತ್ತ ಹೋದೆ. ಮಧ್ಯಾಹ್ನದವರೆಗೆ ಏಳು ಪೆಂಟಿ ಹೋದವು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು, ಅದೇ ನನಗೆ ಹೆಚ್ಚು ಅವಮಾನ.

ಅಕ್ಕ ಚೂರುಗಳನ್ನು ಬುಟ್ಟಿಗೆ ತುಂಬಿ, ಉಳಿದ ಪೆಂಟಿಗಳನ್ನು ತಾನೇ ಎತ್ತಿಡತೊಡಗಿದಳು. ಅವಳು ಬದಿಯಿಂದ ಅಮುಕುತ್ತಲೇ ಇರಲಿಲ್ಲ. ಒಂದು ಕೈಯಿಂದ ತುಸು ವಾಲಿಸಿ, ಇನ್ನೊಂದನ್ನು ಅದರ ಅಡಿಗೆ ಕೊಡುತ್ತಿದ್ದಳು.

"ಅಕ್ಕಾ, ಬದಿಗಿ ಗಟ್ಟಿ ಹಿಡಿಯಂಗಿಲ್ಲೇನು?"

"ಯಾಕ್ ಹಿಡೀಲಿ? ಭಾರ ಅಡಿಗಿರತೈತಿ. ಮ್ಯಾಲಿನ ಕೈ ಬರೇ ವಾಲದಂಗ ನೋಡಾಕ. ಇದನ್ನೂ ಕಾಲೇಜಿನ್ಯಾಗ ಕಲಸ್ತಾರೇನು?"

ಕಲಿಸುತ್ತೇವೆ. ನಾನೇ ಕಲಿಸುತ್ತೇನೆ, ಪ್ರತಿವರ್ಷ: ಘರ್ಷಣೆಯಿಂದ ಹಿಡಿಯುವುದು ಬೇರೆ, ಆಸರೆ ಕೊಟ್ಟು ಹಿಡಿಯುವುದು ಬೇರೆ. ಎದ್ದು ತಗಡು ಹುಡುಕಲು ಹೋದೆ.

ಬೆರಳುಗಳ ತುದಿಗೆ ಒಳಮುಖವಾಗಿ ಅಗಲವಾದ ತಗಡಿನ ಅಂಚು ಕೂಡಿಸಿದೆವು. ಅಂಚು ಅಡಿಗೆ ಹೋಗಲೆಂದು ಪೆಂಟಿಗಳನ್ನು ಎರಡು ಮರದ ಪಟ್ಟಿಗಳ ಮೇಲಿಟ್ಟೆವು. ಈಗ ಭಾರ ಅಂಚಿನ ಮೇಲೆ; ಬೆರಳು ವಾಲದಂತೆ ಹಿಡಿದರೆ ಸಾಕು. ಐದಾರು ಕೆಜಿಯ ಒತ್ತಡಕ್ಕೆ ಪೆಂಟಿ ಗೆರೆಯೂ ಬೀಳದೆ ಎದ್ದಿತು. ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ಅಕ್ಕ ಕರೆಯುವಷ್ಟರಲ್ಲಿ ಒಂದು ಥಪ್ಪಿ ಪೂರ್ತಿಯಾಗಿತ್ತು.

ತೋಳು ಈ ಹಂಗಾಮಿನಲ್ಲೂ ನಡೆಯುತ್ತಿದೆ. ಮಾಮಾನ ಸೊಂಟವೂ ಸುಧಾರಿಸಿದೆ. ನೋಡಲು ಬಂದವರನ್ನೆಲ್ಲ ಅವನು ಕುರ್ಚಿ ಹಾಕಿ ಕೂರಿಸಿ, "ಇದರ ಲೆಕ್ಕಾ ಭಾಳ ನಾಜೂಕ್ ಐತ್ರಿ, ನಾನೂ ನಮ್ಮ ಮಾಸ್ತರೂ ಕೂಡಿ ತಗದೇವಿ" ಎನ್ನುತ್ತಾನೆ. ಚಹಾ ತರುವ ಅಕ್ಕ ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಾಳೆ.