ಎಸ್ತೇರಮ್ಮನ ಹಸಿರು ಸೀರೆ

ಗಂಡ ತೀರಿಕೊಂಡ ಮೇಲೆ ಸೊರಬದ ಪುಟ್ಟ ಪ್ರಾರ್ಥನಾಲಯವನ್ನು ಎರಡು ವರ್ಷ ನಡೆಸಿದವಳು ಎಸ್ತೇರಮ್ಮನೇ. ಅವಳನ್ನು ಸಭಾಪಾಲಕಿಯಾಗಿ ನೇಮಿಸಲು ಶಿಕಾರಿಪುರದಿಂದ ಬಂದ ಹಿರಿಯರು, ಅವಳ ಹಸಿರು ಸೀರೆ, ಗಾಜಿನ ಬಳೆ ನೋಡಿ ಬಾಗಿಲಲ್ಲೇ ತಡೆದರು.

“ವಿಧವೆ ಮುಂದೆ ನಿಂತು ವಾಕ್ಯ ಹೇಳ್ಬೇಕಂದ್ರೆ ಬಿಳಿ ಸೀರೆ ಉಡ್ಬೇಕಮ್ಮ. ಬಳೆ ತೆಗೀರಿ. ಇಲ್ದಿದ್ರೆ ನೇಮಕ ಇಲ್ಲ.”

ಗಂಡ ಸತ್ತ ದಿನ ಓಣಿಯವರು ಬಳೆ ಒಡೆಯಲು ಬಂದಾಗ, ನಮ್ಮ ಸಭೆಯಲ್ಲಿ ಆ ಪದ್ಧತಿಯಿಲ್ಲ ಎಂದು ಬಾಗಿಲು ಹಾಕಿಕೊಂಡಿದ್ದವಳು ಅವಳು. ಇಸ್ತ್ರಿ ಮಾಡಿ ಉಟ್ಟಿದ್ದ ಸೀರೆಯ ನೆರಿಗೆ ಸರಿಮಾಡಿಕೊಂಡಳು.

“ಅಯ್ಯನೋರೆ, ಇದು ಸತ್ಯವೇದದ ಯಾವ ಅಧ್ಯಾಯದಾಗೆ ಐತೆ? ತೋರಿಸ್ರಿ, ಈಗಲೇ ಉಟ್ಟು ಬರ್ತೀನಿ.”

ಹಿರಿಯರು ಕನ್ನಡಕ ಏರಿಸಿ ಪುಟ ತಿರುವತೊಡಗಿದರು. ಎಸ್ತೇರಮ್ಮ ಅವರನ್ನು ದಾಟಿ ಒಳಗೆ ಹೋಗಿ, ಬಳೆ ತೊಟ್ಟ ಕೈ ಎತ್ತಿ, ಪ್ರಾರ್ಥನೆ ಶುರುಮಾಡಿದಳು. ಸಭೆಯೆಲ್ಲ ಎದ್ದು ನಿಂತಿತು.