ಕಬ್ಬಿಣ ಮುಟ್ಟಿಸದ ಹೋತ

ಪುಟ್ಟಿ, ಚಿನ್ನು,

ನನ್ನ ಬಲಗೈ ಮಣಿಕಟ್ಟಿನಲ್ಲಿ ಒಂದು ಎಲುಬು ಸ್ವಲ್ಪ ಎದ್ದುಕೊಂಡಿದೆ. ಅದು ಯಾಕೆ ಹಾಗಿದೆ ಎಂದು ನೀವಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದ್ದೀರಿ. ನಾನು ಇಬ್ಬರಿಗೂ "ಬಿದ್ದಿದ್ದೆ" ಎಂದುಬಿಟ್ಟೆ. ಬಿದ್ದದ್ದಲ್ಲ, ಒಂದು ಹೋತ ಒದ್ದದ್ದು. ಬಾಯಿಬಿಟ್ಟು ಹೇಳಲು ಕೂತರೆ ನನಗೆ ನಾಚಿಕೆಯಾಗಿ ನಡುವೆಯೇ ನಿಂತುಹೋಗುತ್ತದೆ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನಲ್ಲ, ಬರೆಯುತ್ತೇನೆ.

ನಿಮ್ಮ ತಾತ ಹೋದ ಮೇಲೆ ನಿಮ್ಮಮ್ಮ ನನ್ನನ್ನು ಎಂ.ಸಿ.ಸಿ. ಬಡಾವಣೆಯ ಈ ಮನೆಗೆ ಕರೆತಂದಳು. ಆಗ ನಿಮಗೆ ತಿಳಿವಳಿಕೆ ಬಂದಿರಲಿಲ್ಲ. ನನಗೆ ತುಂಬ ದುಃಖವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದೆ. ಬಕೆಟ್ ತುಂಬಿ ನೀರು ಹರಿದುಹೋಗುತ್ತಿದ್ದರೆ ನೋಡುತ್ತ ನಿಲ್ಲುತ್ತಿದ್ದೆ, ನಲ್ಲಿ ತಿರುಗಿಸಬೇಕೆಂದು ಹೊಳೆಯುತ್ತಿರಲಿಲ್ಲ. ಬಂದವರು ನಾನು ಅಳಲಿ ಎಂದು ಕಾಯುತ್ತಿದ್ದರು, ಅಳು ಬರುತ್ತಿರಲಿಲ್ಲ. ಅವರಿಗೆ ಬೇಸರವಾಗಬಾರದೆಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಟೀಚರಮ್ಮ ನಿವೃತ್ತರಾದವರು. ಸ್ಕೂಟರ್ ಓಡಿಸುತ್ತಾರೆ, ಗಟ್ಟಿಯಾಗಿ ಮಾತಾಡುತ್ತಾರೆ. ಊರ ಹೊರಗೆ, ಬಾತಿ ಎಂಬ ಹಳ್ಳಿಯ ಆಚೆ ಅವರದೊಂದು ತಗಡಿನ ಕೊಟ್ಟಿಗೆ ಇದೆ. ಲಾರಿಯಿಂದ ಬಿದ್ದ ಆಡುಗಳು, ಕಾಲು ಮುರಿಯಿತೆಂದು ರಸ್ತೆಯಲ್ಲಿ ಬಿಟ್ಟುಹೋದ ಮರಿಗಳು, ಇಂಥವನ್ನೆಲ್ಲ ಅಲ್ಲಿ ತಂದು ಸಾಕುತ್ತಾರೆ. ನನ್ನ ತವರುಮನೆಯಲ್ಲಿ ಆಡು ಸಾಕುತ್ತಿದ್ದರೆಂದು ನಿಮ್ಮಮ್ಮ ಅವರಿಗೆ ಹೇಳಿಬಿಟ್ಟಿದ್ದಳು.

"ಏಳ್ರಿ ಅಕ್ಕಾರೆ," ಎಂದರು ಅವರು ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು. "ಹಿಂಗೇ ಕುಂತ್ರೆ ನಿಮಗೇ ಬೇರು ಬಿಡ್ತಾವೆ."

ಹೋಗುವ ಮನಸ್ಸಿರಲಿಲ್ಲ. ಆದರೆ ಹೋಗುವುದಿಲ್ಲ ಎನ್ನಲೂ ಒಂದು ಮನಸ್ಸು ಬೇಕಲ್ಲ, ಅದೂ ಇರಲಿಲ್ಲ. ಸ್ಕೂಟರ್ ಹತ್ತಿದೆ.

ನಮ್ಮ ತವರಿನ ಆಡುಗಳು ಕಲ್ಲುಗುಡ್ಡ ಹತ್ತಿ ಇಳಿಯುತ್ತಿದ್ದವು. ಅವುಗಳ ಗೊರಸು ತಾನಾಗಿಯೇ ಸವೆಯುತ್ತಿತ್ತು, ಯಾರೂ ಕತ್ತರಿಸಿದ್ದನ್ನು ನಾನು ನೋಡಿರಲಿಲ್ಲ. ಕೊಟ್ಟಿಗೆಯ ಮೆತ್ತನೆಯ ನೆಲದಲ್ಲಿ ಗೊರಸು ಬೆಳೆದು ಬೆಳೆದು ಮುಂದಕ್ಕೆ ಬಾಗುತ್ತದೆ. ಅದರಡಿ ಸಗಣಿ ಮಣ್ಣು ಸೇರಿ ಕೊಳೆಯುತ್ತದೆ. ವಾರಕ್ಕೊಮ್ಮೆ ಬರುವ ದನದ ಡಾಕ್ಟರು ನನಗೆ ಕೆಲಸ ಕಲಿಸಿದರು. ಕಾಲನ್ನು ಹಿಂದಕ್ಕೆ ಮಡಿಸಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಸಂದಿಯ ಕೊಳೆ ಕೆರೆದು ತೆಗೆಯಬೇಕು, ಆಮೇಲೆ ಚಾಕುವಿನಿಂದ ತೆಳ್ಳಗೆ ತೆಳ್ಳಗೆ ಹೆರೆಯಬೇಕು. ತಿಳಿಗೆಂಪು ಕಂಡಿತೆಂದರೆ ಕೈ ನಿಲ್ಲಿಸಬೇಕು. ಕಡೆಗೆ ಮೈಲುತುತ್ತದ ನೀಲಿ ನೀರಿನಲ್ಲಿ ಕಾಲು ಅದ್ದಿ ನಿಲ್ಲಿಸಬೇಕು.

ಕೊಳೆತ ಗೊರಸಿಗೆ ಒಂದು ವಾಸನೆ ಇರುತ್ತದೆ. ಟೀಚರಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ನನಗೆ ಬೇಕಾಗಲಿಲ್ಲ, ಅದು ನನಗೆ ಪರಿಚಯದ ವಾಸನೆ.

ನಿಮ್ಮ ತಾತನಿಗೆ ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಸ್ಪರ್ಶವೇ ಹೋಗಿತ್ತು. ಒಂದು ಸಲ ಚಪ್ಪಲಿ ತೂರಿ ಬಂದ ಮೊಳೆಯ ಮೇಲೆ ಇಡೀ ದಿನ ಓಡಾಡಿ ಬಂದರು, ಮನೆಯಲ್ಲಿ ನೆಲಕ್ಕೆ ರಕ್ತ ಅಂಟಿದಾಗಲೇ ತಿಳಿದದ್ದು. ಆಮೇಲೆ ಅವರ ಕಾಲು ತೊಳೆದು ಪಟ್ಟಿ ಕಟ್ಟುವುದೇ ನನ್ನ ಕೆಲಸವಾಯಿತು. ಆಸ್ಪತ್ರೆಯ ಡಾಕ್ಟರು ಪ್ರತಿ ಸಲವೂ ಒತ್ತಿ ನೋಡಿ, "ನೋವಾಗುತ್ತಾ?" ಎಂದು ಕೇಳುತ್ತಿದ್ದರು. ತಾತ ಪರೀಕ್ಷೆ ಪಾಸಾದ ಹುಡುಗನ ಹಾಗೆ, "ಇಲ್ರೀ, ಏನಿಲ್ರೀ," ಎನ್ನುತ್ತಿದ್ದರು. ಅದನ್ನು ಕೇಳಿ ಡಾಕ್ಟರ ಮುಖ ಚಿಕ್ಕದಾಗುತ್ತಿತ್ತು. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಅಷ್ಟಕ್ಕೇ ನಿಲ್ಲಲಿಲ್ಲ.

ಇನ್ನು ಹೋತದ ವಿಷಯ. ದೇವರಾಜ ಅರಸು ಬಡಾವಣೆಯ ಕೊನೆಯಲ್ಲಿ, ಕಸ ಸುರಿಯುವ ಕಡೆ, ಮುಂಗಾಲು ಮಡಿಸಿ ಮೊಣಕಾಲಲ್ಲಿ ತೆವಳುತ್ತಿತ್ತಂತೆ. ಟೀಚರಮ್ಮ ಆಟೋದಲ್ಲಿ ಹಾಕಿಸಿಕೊಂಡು ಬಂದರು. ಕಪ್ಪು ಬಣ್ಣ, ಭಾರೀ ಮೈ. ಕೊರಳಲ್ಲಿ ಅರಿಶಿನದ ಬಟ್ಟೆ. ಗೊರಸುಗಳು ನನ್ನ ಬೆರಳಿನುದ್ದ ಬೆಳೆದು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಬಲ ಮುಂಗಾಲು ಬಾತು ಬಿಸಿಯಾಗಿತ್ತು. ಮುಟ್ಟಿದರೆ ಜಾಡಿಸುತ್ತಿತ್ತು.

ಒಂದೆರಡು ದಿನಕ್ಕೆ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ಬಾತಿಯವಳೇ, ಸುಮಾರು ನನ್ನ ವಯಸ್ಸು. ಮೊಣಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತ ಬಂದವಳು ನನ್ನ ಕೈಯಲ್ಲಿ ಚಾಕು ಕಂಡು ಕೂಗಿದಳು.

"ಯಕ್ಕಾ, ಕಬ್ಬಿಣ ಮುಟ್ಟಿಸಬ್ಯಾಡ್ರಿ! ಅದು ಅವ್ವಗೆ ಬಿಟ್ಟ ಹೋತ."

ಅವಳ ಮೊಮ್ಮಗಳು ಮೂರು ವರ್ಷ ತುಂಬಿದರೂ ಎದ್ದು ನಿಂತಿರಲಿಲ್ಲ. ಹುಡುಗಿ ನಡೆದರೆ ಹೋತ ಕೊಡುತ್ತೇನೆಂದು ಹರಿಹರದ ಹೊಳೆದಂಡೆಯ ಅವ್ವನಿಗೆ ಹರಕೆ ಹೊತ್ತಿದ್ದಳು. ಹರಕೆಯ ಪ್ರಾಣಿಗೆ ಒಪ್ಪಿಸುವ ದಿನದವರೆಗೂ ಕಬ್ಬಿಣ ತಾಕಬಾರದು, ಅದು ಅವರ ಮನೆತನದ ಕಟ್ಟು. ಹಾಗಾಗಿ ಕೂದಲು, ಗೊರಸು ಯಾವುದನ್ನೂ ಕತ್ತರಿಸಿರಲಿಲ್ಲ. ಹುಡುಗಿ ನಡೆಯತೊಡಗಿದಳು. ಅಷ್ಟರಲ್ಲಿ ಹಿತ್ತಲಲ್ಲಿ ಕಟ್ಟಿಹಾಕಿದ್ದ ಹೋತದ ಕಾಲು ಹೋಯಿತು. ಊನವಾದ ಪ್ರಾಣಿಯನ್ನು ಅವ್ವ ಒಪ್ಪುವುದಿಲ್ಲ. ಒಪ್ಪಿಸುವ ಹಾಗಿಲ್ಲ, ಮಾರುವ ಹಾಗಿಲ್ಲ. ಅವ್ವನೇ ನೋಡಿಕೊಳ್ಳಲಿ ಎಂದು ಅವಳ ಮಗ ಒಂದು ದಿನ ದೂರ ಒಯ್ದು ಬಿಟ್ಟುಬಂದಿದ್ದ.

"ಬಲಿಗಿಲಿ ಅಂದ್ರೆ ಪೊಲೀಸರಿಗೆ ಹೇಳ್ತೀನಿ ನೋಡು," ಎಂದರು ಟೀಚರಮ್ಮ.

"ಹೇಳ್ರಿ. ಹುಡುಗಿ ಕಾಲು ಹೋದ್ರ ಪೊಲೀಸ್ರು ಎತ್ತಿಕೊಂಡು ಅಡ್ಡಾಡ್ತಾರೇನು?"

ನಾನು ಚಾಕು ಕೆಳಗಿಟ್ಟೆ. ಹರಕೆ ಎಂದರೆ ಏನೆಂದು ನನಗೂ ಗೊತ್ತು. ಅವಳ ಮಾತಿಲ್ಲದೆ ನಾನು ಕೊಯ್ದು, ನಾಳೆ ಆ ಮಗು ಎಡವಿ ಬಿದ್ದರೂ ಅದು ನನ್ನ ಕೈಯಿಂದಲೇ ಆದದ್ದಾಗುತ್ತಿತ್ತು.

ಮರುದಿನ ಮನೆಯಿಂದ ಕಲ್ಲು ಒಯ್ದೆ. ತಾತ ಬಚ್ಚಲಲ್ಲಿ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದ ಒರಟು ಕಲ್ಲು. ಹೋತದ ಕಾಲುಗಳನ್ನು ಬಿಸಿನೀರಲ್ಲಿ ನೆನೆಸಿ, ಗೊರಸು ಮೆತ್ತಗಾದ ಮೇಲೆ ಉಜ್ಜಿದೆ. ಬಾತಿಯವಳು ದಿನಾ ಬಂದು ಅದರ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಸವೆಯುವುದು ಕಣ್ಣಿಗೆ ಕಾಣದಷ್ಟು ನಿಧಾನ. ನನಗೆ ಅದರಿಂದ ತೊಂದರೆಯಿರಲಿಲ್ಲ. ಬೇರೆ ಹೊತ್ತು ಹೇಗೆ ಕಳೆಯಬೇಕೆಂದು ನನಗೇನು ಗೊತ್ತಿತ್ತು? ವಾರಗಟ್ಟಲೆ ಉಜ್ಜಿದ ಮೇಲೆ ಮೂರು ಕಾಲು ಒಂದು ಮಟ್ಟಕ್ಕೆ ಬಂದವು. ಹೋತ ಆ ಮೂರರ ಮೇಲೆ ಎದ್ದು ನಿಂತಿತು.

"ಕೈ ಬಂಗಾರದ್ದು ಬಿಡ್ರಿ ಯಕ್ಕಾ," ಎಂದಳು ಅವಳು. "ಕಬ್ಬಿಣಿಲ್ದಂಗ ಮಾಡಿದ್ರಿ. ಆ ಒಂದು ಕಾಲೂ ನೆಟ್ಟಗಾತಂದ್ರ ಊನ ಇಲ್ಲ. ಒಪ್ಸಿ ಕೈ ತೊಳಕೊಂತೀನಿ."

ಅವಳು ಅದರ ಕಿವಿಯ ಹಿಂದೆ ಕೆರೆಯುತ್ತಲೇ ಹೇಳಿದಳು. ನನ್ನ ಕೈಯಲ್ಲಿ ಕಲ್ಲಿತ್ತು. ಇಷ್ಟು ದಿನ ನಾನು ಅದನ್ನು ಯಾವುದಕ್ಕೆ ಅಣಿ ಮಾಡುತ್ತಿದ್ದೆ ಎಂದು ಆಗ ಹೊಳೆಯಿತು. ಹೊಳೆದ ಮೇಲೂ ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ಉಜ್ಜುತ್ತಲೇ ಇದ್ದೆ.

ಆದರೆ ಬಲ ಮುಂಗಾಲು ಕಲ್ಲಿಗೆ ಬಗ್ಗಲಿಲ್ಲ. ದನದ ಡಾಕ್ಟರು ಬಂದು ಒತ್ತಿ ನೋಡಿದರು. "ಗೊರಸಿನೊಳಗೆ ಕೀವು ತುಂಬೈತೆ. ಚಾಕುವಿಂದ ಬಿಡಿಸ್ಲೇಬೇಕು," ಎಂದು ಪೆಟ್ಟಿಗೆ ತೆರೆದರು. ಬಾತಿಯವಳು ಹೋತದ ಕೊರಳು ತಬ್ಬಿ ನೆಲದ ಮೇಲೆ ಕೂತುಬಿಟ್ಟಳು. ಎಷ್ಟು ಹೇಳಿದರೂ ಬಿಡಲಿಲ್ಲ. ಡಾಕ್ಟರು ಎಲ್ಲಿ ಕೊಯ್ಯಬೇಕೆಂದು ನನಗೆ ಉಗುರಿನಲ್ಲಿ ಗೀರಿ ತೋರಿಸಿ, ಶನಿವಾರ ಮತ್ತೆ ಬರುತ್ತೇನೆ, ಅಷ್ಟರೊಳಗೆ ಕೀವು ಮೇಲಿನ ಗಂಟಿಗೆ ಏರಿದರೆ ಆ ಪ್ರಾಣಿ ಉಳಿಯುವುದಿಲ್ಲ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಅವಳು ಹೋತದ ಕೊರಳು ಬಿಟ್ಟು ನನ್ನ ಕಡೆ ತಿರುಗಿದಳು. "ಕುಯ್ದ್ರ ಹುಡುಗಿ ಕಾಲು, ಕುಯ್ಯದಿದ್ರ ಇದರ ಜೀವ. ಯಾಕ ಯಕ್ಕಾ ಹಿಂಗ ತಂದಿಟ್ಟಳು ಅವ್ವ? ನಡೀರಿ, ಅವಳನ್ನ ಕೇಳಣ. ನನಗೊಬ್ಬಾಕಿಗೆ ಧೈರ್ಯ ಸಾಲದು."

ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಹೊಳೆದಂಡೆಯಲ್ಲಿ ಒಬ್ಬರು ಬಗ್ಗಿ ನುಗ್ಗುವಷ್ಟು ಚಿಕ್ಕ ಗುಡಿ. ಪೂಜಾರಿ ಅವ್ವನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಹೋತಕ್ಕೆ ಕಬ್ಬಿಣ ಮುಟ್ಟಿಸಬಹುದೇ ಎಂದು ಅವಳು ಕೇಳಿಕೊಂಡಳು. ಕಾದೆವು. ಬೇರೆಯವರು ಬಂದು ಕಾಯಿ ಒಡೆಸಿಕೊಂಡು ಹೋದರು. ಹೂಗಳು ಬಾಡಲು ಶುರುವಾದವು. ಎರಡರಲ್ಲಿ ಒಂದೂ ಬೀಳಲಿಲ್ಲ.

"ಇವತ್ತು ಅವ್ವ ಮಾತಾಡಲ್ಲ," ಎಂದ ಪೂಜಾರಿ. "ಊಟದ ಹೊತ್ತಾತು, ಬಾಗಿಲು ಹಾಕ್ತೀನಿ. ಏಳ್ರಿ."

ನನ್ನ ಬಾಯಿಂದ ಅದು ಹೇಗೆ ಬಂತೋ ಈಗಲೂ ತಿಳಿಯದು. ಅಪರಿಚಿತ ಗಂಡಸರ ಮುಂದೆ ನಾನು ಮಾತಾಡಿದವಳೇ ಅಲ್ಲ.

"ಬ್ಯಾಡ ಅಂತಲೂ ಅನ್ಲಿಲ್ಲವಲ್ಲ," ಎಂದೆ.

ಪೂಜಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟೊತ್ತು ಮೂಕಿ ಅಂತ ತಿಳಿದಿದ್ದೆ. ವಕೀಲರ ಮನೆಯೋರೇನ್ರಿ ಅಮ್ಮಾರು?" ಎಂದು ನಕ್ಕು ಬಾಗಿಲೆಳೆದ.

ನಾವು ಮೆಟ್ಟಿಲ ಮೇಲೆ ಕೂತೆವು. ಅವಳು ಮಂಡಕ್ಕಿ ಪೊಟ್ಟಣ ಬಿಚ್ಚಿದಳು, ತಿನ್ನಲಿಲ್ಲ. ಹೊಳೆಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳು ಕಾಣುತ್ತಿದ್ದವು.

"ನಿಮ್ಮ ಯಜಮಾನ್ರ ಕಾಲು ನೀವೇ ನೋಡಿಕೊಂಡ್ರಂತೆ. ಟೀಚರಮ್ಮ ಹೇಳಿದ್ರು."

"ಹೌದ್ರಿ."

"ವಾಸಿ ಆಗ್ಲಿಲ್ಲೇನು?"

"ಇಲ್ಲ. ಅವರಿಗೆ ನೋವೇ ಇರ್ಲಿಲ್ಲ. ನೋವಿಲ್ದ ಕಾಲು ಉಳಿಯಲ್ಲ ಅಂತಿದ್ರು ಡಾಕ್ಟ್ರು."

"ನಮ್ಮ ಹೋತಕ್ಕೆ?"

"ನೋವೈತ್ರಿ. ಬೆರಳಿಟ್ರೆ ಜಾಡಿಸ್ತೈತೆ."

ಅವಳು ಮಂಡಕ್ಕಿಯನ್ನು ಮೀನಿಗೆ ಚೆಲ್ಲಿ, ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಾದ್ರ ಕುಯ್ರಿ," ಎಂದಳು. "ನೀವೇ ಕುಯ್ರಿ. ಶನಿವಾರದ ತನ ಬ್ಯಾಡ. ಅಷ್ಟು ದಿನಕ್ಕೆ ನನ್ನ ಮನಸು ತಿರುಗ್ತೈತೆ."

ಅಲ್ಲಿಂದ ನೇರ ಕೊಟ್ಟಿಗೆಗೆ ಬಂದೆವು. ಟೀಚರಮ್ಮ ನೀರು ಕಾಯಿಸಿದರು, ಚಾಕು ಕುದಿಸಿದರು. ಬಾತಿಯವಳು ಹೋತದ ತಲೆಯನ್ನು ಮಡಿಲಿಗೆ ಎಳೆದುಕೊಂಡು ಹೊಳೆಯ ದಿಕ್ಕಿಗೆ ತಿರುಗಿ ಕೂತಳು. ನಾನು ಕಾಲು ಮಡಿಸಿ ಹಿಡಿದಾಗ, ಬೀದಿಯಾಚೆ ನಿಂತವರ ಹತ್ತಿರ ಜಗಳಕ್ಕಿಳಿದ ಹಾಗೆ ಜೋರಾಗಿ ಹೇಳಿದಳು:

"ಯವ್ವಾ, ಕೇಳು. ಇನ್ನ ಮ್ಯಾಲೆ ಇದು ನಿನ್ನದಲ್ಲ. ನೀನಾಗೇ ಬ್ಯಾಡ ಅನ್ಲಿಲ್ಲ, ನೆಪ್ಪಿಟ್ಟುಕೋ. ಸಿಟ್ಟು ಬಂದ್ರ ಹುಡುಗಿ ಕಾಲಿಗೆ ಹೋಗಬ್ಯಾಡ. ನನ್ನ ಮೊಣಕಾಲಿಗೆ ಬಾ. ಅವು ಹೆಂಗೂ ಹೋಗ್ಯಾವೆ."

ಡಾಕ್ಟರು ಗೀರಿದ ಜಾಗದಲ್ಲಿ ಚಾಕು ಇಟ್ಟೆ. ಗೊರಸಿನ ಗೋಡೆ ತೆಳ್ಳಗೆ ಬಿಟ್ಟುಕೊಂಡಿತು. ಬೂದುಬಣ್ಣದ ಕೀವು ಒಮ್ಮೆಲೇ ಬಂತು, ಆಮೇಲೆ ರಕ್ತ, ಕೆಂಪಾಗಿ, ಚೆನ್ನಾಗಿ. ಅದೇ ಹೊತ್ತಿಗೆ ಹೋತ ಒದ್ದಿತು. ನನ್ನ ಮಣಿಕಟ್ಟಿನಲ್ಲಿ ಸದ್ದಾಯಿತು. ನಾನು ಎಡಗೈಯಲ್ಲೇ ಅದರ ಕಾಲನ್ನು ನೀಲಿ ನೀರಿಗೆ ಇಳಿಸಿದೆ.

ಸ್ಕೂಟರಿನಲ್ಲಿ ಬರುವಾಗ ರಸ್ತೆಯ ಪ್ರತಿ ಉಬ್ಬಿಗೂ ಕೈ ಸಿಡಿಯುತ್ತಿತ್ತು. ಕಣ್ಣಲ್ಲಿ ನೀರು ಬಂತು. ಅತ್ತುಬಿಟ್ಟೆ ಎಂದು ಬರೆಯುವುದಿಲ್ಲ, ಕೈ ನೋವಿಗೆ ಬಂದ ನೀರು ಅದು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಮಣಿಕಟ್ಟು ಒತ್ತಿ, "ನೋವಾಗುತ್ತಾ ಅಜ್ಜಿ?" ಎಂದು ಕೇಳಿದರು.

"ಆಗ್ತೈತ್ರಿ," ಎಂದೆ.

ಅವರು ಮತ್ತೊಂದು ಕಡೆ ಒತ್ತಿದರು. ಅಲ್ಲಿಯೂ ಆಗುತ್ತಿತ್ತು. ಹೇಳಿದೆ.

ಹೋತದ ಕಾಲು ಮಾಯಿತು. ಸ್ವಲ್ಪ ಕುಂಟುತ್ತದೆ. ಕಬ್ಬಿಣ ತಾಕಿದ್ದರಿಂದ ಅದನ್ನಿನ್ನು ಯಾರೂ ಗುಡಿಗೆ ಒಯ್ಯುವಂತಿಲ್ಲ. ಕೊಟ್ಟಿಗೆಯಲ್ಲೇ ಇದೆ, ಎಲ್ಲರ ಪಾಲಿನ ಹಿಂಡಿಗೂ ಬಾಯಿ ಹಾಕುತ್ತದೆ. ಬಾತಿಯವಳು ಮೊದಲ ತಿಂಗಳುಗಳಲ್ಲಿ ಮೊಮ್ಮಗಳನ್ನು ದಿನಾ ಅಂಗಳದಲ್ಲಿ ನಡೆಸಿ, ಅವಳ ಪಾದವನ್ನೇ ನೋಡುತ್ತಿದ್ದಳಂತೆ. ಹುಡುಗಿ ಈಗ ಓಡುತ್ತಾಳೆ. ಹೋದ ಮಳೆಗಾಲದಲ್ಲಿ ಬಾತಿಯವಳ ಎರಡೂ ಮೊಣಕಾಲು ಊದಿ ಅವಳು ಹಾಸಿಗೆ ಹಿಡಿದಳು. ನೋಡಲು ಹೋಗಿದ್ದೆ. ಕಾಲು ನೀಡಿ ಗೋಡೆಗೆ ಒರಗಿದ್ದವಳ ಮುಖ ಹಬ್ಬದ ದಿನದ ಹಾಗಿತ್ತು.

"ನೋಡ್ರಿ ಯಕ್ಕಾ," ಎಂದಳು. "ಅವ್ವ ಮಾತು ಕೇಳ್ಯಾಳೆ."

ನಾನು ಅವಳ ಮೊಣಕಾಲು ಒತ್ತಿಕೊಟ್ಟು ಬಂದೆ.

ನಾನು ಮೊದಲಿನ ಹಾಗೆ ಆಗಿದ್ದೇನೆ ಎಂದು ನೀವು ತಿಳಿಯಬೇಡಿ. ಈಗಲೂ ಬಹಳ ದಿನಗಳು ಬಕೆಟ್ ತುಂಬಿ ಹರಿದುಹೋದ ಹಾಗೆಯೇ ಹೋಗುತ್ತವೆ. ಮಳೆ ಬಂದಾಗ ಮಾತ್ರ ಈ ಎಲುಬು ನೋಯುತ್ತದೆ. ನೋಯಲಿ ಎಂದು ಸುಮ್ಮನಿರುತ್ತೇನೆ, ನಿಮ್ಮಮ್ಮ ಮುಲಾಮು ಹಿಡಿದು ಬರುವವರೆಗೆ.

ಪುಟ್ಟಿ, ಚಿನ್ನು, ನನ್ನ ಟ್ರಂಕಿನ ತಳದಲ್ಲಿ ತಾತನ ಆ ಕಲ್ಲು ಇದೆ. ಒಂದು ಮಗ್ಗುಲು ಸವೆದು ನುಣ್ಣಗಾಗಿದೆ, ಅದು ಹೋತದ ಗೊರಸಿನಿಂದ ಆದದ್ದು. ಈ ಹಾಳೆಗಳನ್ನು ಅದರ ಕೆಳಗೆ ಇಡಿ. ಟ್ರಂಕು ಯಾರ ಮನೆಗೆ ಹೋದರೂ ಕಲ್ಲು ಎಸೆಯಬೇಡಿ, ಹಾಳೆ ಹರಿಯಬೇಡಿ. ಒದ್ದೆಯಾಗದಂತೆ ನೋಡಿಕೊಳ್ಳಿ.